ಬಸ್ಸಿನ ಮುಂದೆ ಒಂದು ಸೈಕಲ್

ತೆಕ್ಕಟ್ಟೆಯಲ್ಲಿ ನಮ್ಮ ನೆರೆಮನೆಯವರು ಬಸ್ ಡ್ರೈವರ್ ಆಗಿದ್ದವರು. ಕುಂದಾಪುರದಿಂದ ಬಾಳೆಬರೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗುವ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ್ದರು. ನಿವೃತ್ತರಾಗಿ ಜಗಲಿಯಲ್ಲಿ ಕುಳಿತರೂ ಅವರ ಬಲಗಾಲು ಆಗಾಗ ನೆಲವನ್ನು ಒತ್ತುತ್ತಲೇ ಇರುತ್ತಿತ್ತು. ಯಾವುದನ್ನೂ ಆಗುವುದಿಲ್ಲ ಎಂದವರಲ್ಲ. "ಕಾಂಬ" ಎನ್ನುತ್ತಿದ್ದರು, ನೋಡೋಣ ಎಂಬಂತೆ.

ಅರವತ್ತು ದಾಟಿದ ಮೇಲೆ, ಒಂದು ಏಪ್ರಿಲ್‌ನಲ್ಲಿ, ಅದೇ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತಲು ಹೊರಟರು. "ಇಷ್ಟ್ ವರ್ಷ ಇಂಜಿನ್ ಹತ್ತಿತ್, ನಾನ್ ಹತ್ಲಿಲ್ಲ" ಎಂದರು. ಅವರ ಹೆಂಡತಿ ಹೆದರಿ, ನೀರು, ಮಜ್ಜಿಗೆ ಕೊಟ್ಟು ನನ್ನನ್ನು ಬೈಕಿನಲ್ಲಿ ಹಿಂದೆ ಕಳಿಸಿದರು.

ಹೊಸಂಗಡಿ ದಾಟುವಾಗ ಡಾಂಬರು ಕಾದ ಕಾವಲಿಯಂತಿತ್ತು. ಘಾಟಿಯಲ್ಲಿ ಅವರ ತುಟಿ ಬಿಳಿಚಿ, ತೊಡೆಗಳು ನಡುಗತೊಡಗಿದವು.

"ಸಾಕ್ ಅಣ್ಣಯ್ಯ, ತಿರ್ಗುವ" ಎಂದೆ.

"ಕಾಂಬ, ಮುಂದಿನ್ ತಿರ್ವಿನ್ ತನ್ಕ."

ಪ್ರತಿ ತಿರುವಿನಲ್ಲೂ ಅದೇ ಉತ್ತರ.

ಕೊನೆಯ ತಿರುವಿಗೆ ಬರುವಾಗ ಅವರು ಓಡಿಸುತ್ತಿದ್ದ ಶಿವಮೊಗ್ಗ ಬಸ್ಸೇ ಹಿಂದಿನಿಂದ ಬಂತು. ಅದರ ಡ್ರೈವರ್ ಗುರುತು ಹಿಡಿದು ಕೂಗಿದ: "ಹ್ವಾಯ್ ಅಣ್ಣ, ಈ ಬಿಸ್ಲಗೆ ಎಂತ ಮಾಡ್ತ್ರಿ? ಹತ್ಕಣಿ, ಸೈಕಲ್ ಮೇಲ್ ಹಾಕ್ವ!"

ಏದುಸಿರು ಬಿಡುತ್ತಲೇ ಅವರು ಮುಂದೆ ಹೋಗೆಂದು ಕೈ ಬೀಸಿದರು. ಆದರೆ ಬಸ್ಸು ಮುಂದೆ ಹೋಗಲಿಲ್ಲ. ಒಮ್ಮೆಯೂ ಹಾರ್ನ್ ಹಾಕದೆ, ಮೊದಲ ಗೇರಿನಲ್ಲಿ ಅವರ ಹಿಂದೆಯೇ ತೆವಳುತ್ತ ಬಂತು. ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಹಾಕಿದ್ದರು. ತಡವಾಯಿತೆಂದು ಯಾರೂ ಗೊಣಗಲಿಲ್ಲ.

ಘಾಟಿಯ ತುದಿಯಲ್ಲಿ ಅವರು ಇಳಿದು ಬದಿಗೆ ಸರಿದರು. ಸೈಕಲ್ಲಿಗೆ ಆತುಕೊಂಡೇ, ಪಕ್ಕಕ್ಕೆ ಬಂದ ಬಸ್ಸಿನ ಮೈಯನ್ನು ಅಂಗೈಯಿಂದ ತಟ್ಟಿದರು.

"ರೈಟ್, ಹೋಯ್ಲಿ!"