ಖಾಲಿ ಬಿಟ್ಟ ಸಾಲು

ಅಂಬಪ್ಪ ಪಾಮನಕಲ್ಲೂರಿನವನು. ಮನೆತನದಲ್ಲಿ ಎಂ.ಎಸ್ಸಿ. ಕೃಷಿ ಓದಿದ ಮೊದಲಿಗ. ತೊಂಬತ್ತೊಂದರಲ್ಲಿ ಸಿಂಧನೂರು ಕಡೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಮೂರು ವರ್ಷದ ತಾತ್ಕಾಲಿಕ ಕೆಲಸ ಸಿಕ್ಕಿತು. ಕಾಲುವೆ ನೀರು ನಿಂತು ಗದ್ದೆಗಳು ಸವಳಾಗುತ್ತಿದ್ದ ಕಾಲವದು. ಯಾವ ಗದ್ದೆಯ ಮಣ್ಣಿನಲ್ಲಿ ಎಷ್ಟು ಉಪ್ಪಿದೆ ಎಂದು ಅಳೆಯಬೇಕು, ಅಷ್ಟೇ ಕೆಲಸ. ಅಳೆದು, ಬರೆದು, ತೆಪ್ಪಗೆ ಕೂತಿದ್ದರೆ ಯಾರು ಬೇಡ ಎನ್ನುತ್ತಿದ್ದರು? ತೆಪ್ಪಗಿರುವುದು ಈ ಪುಣ್ಯಾತ್ಮನಿಗೆ ಗೊತ್ತಿದ್ದರಲ್ಲವೇ.

ಸೈಕಲ್ಲಿಗೆ ಮಣ್ಣಿನ ಡಬ್ಬಿ ಕಟ್ಟಿಕೊಂಡು ಊರೂರು ತಿರುಗಿ ರೈತರ ಸಭೆ ಕೂಡಿಸಿದ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು, ಸಾಲಗುಂದದ ಹಾಜಿಸಾಬರ ಕಟ್ಟೆಯಲ್ಲಿ ಉರ್ದು, ಉಳಿದೆಡೆ ಮನೆಮಾತು. ದಢೇಸುಗೂರಿನಲ್ಲಿ ಗದ್ದೆಮ್ಮ ಎಂಬ ಮುದುಕಿ ಇದ್ದಳು. ಆಯುಷ್ಯವೆಲ್ಲ ನಾಟಿ ಹಚ್ಚಿದವಳು. ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗಿಟ್ಟು ಉಗಿದು, "ಈ ಮಡಿ ನೆಲ್ಲು ಕೊಡತೈತಿ, ಆ ಮಡಿ ಕೊಡಂಗಿಲ್ಲ ನೋಡು" ಎನ್ನುತ್ತಿದ್ದಳು. ಅಂಬಪ್ಪನ ಯಂತ್ರವೂ ಅದನ್ನೇ ಹೇಳುತ್ತಿತ್ತು. ಸಭೆಗಳಲ್ಲಿ ಮೊದಲು ಅವಳ ಮಾತು, ಆಮೇಲೆ ಯಂತ್ರ. ಯಂತ್ರಕ್ಕೆ ಕಿವಿಗೊಡದ ಜನ ಅವಳನ್ನು ನಂಬಿ ಉಪ್ಪುನೀರು ಹೊರಹೋಗಲು ಬಸಿಗಾಲುವೆ ತೋಡಿದರು.

ಪ್ರತಿ ಸಭೆಗೂ ಹಾಜರಿ ಪುಸ್ತಕದಲ್ಲಿ ಒಂದು ಹಾಳೆ. ನೆತ್ತಿಯ ಮೇಲೆ 'ಸಭೆ ನಡೆಸಿದವರು' ಎಂಬ ಸಾಲು, ಕೆಳಗೆ ರೈತರ ಸಹಿ, ಹೆಬ್ಬೆಟ್ಟು. ಅಂಬಪ್ಪ ಆ ಮೇಲಿನ ಸಾಲನ್ನು ಖಾಲಿ ಬಿಡುತ್ತಿದ್ದ. ಹಿರಿಯರು ನೆಲದಲ್ಲಿ ಕೂತರೆ ಕಿರಿಯರು ಕಟ್ಟೆ ಹತ್ತದ ಮನೆಯಲ್ಲಿ ಬೆಳೆದವನು. ಅಜ್ಜ ಅಜ್ಜಿಯರ ಹೆಬ್ಬೆಟ್ಟಿನ ಮೇಲೆ ತನ್ನ ಹೆಸರು ಕೂರಿಸಲು ಅವನಿಗೆ ಕೈ ಬರಲಿಲ್ಲ.

ಅದೇ ಕೇಂದ್ರದ ಪಂಪಣ್ಣ ಅವನ ಜೊತೆಗಾರ. ಒಂದೇ ರೂಮು, ಒಂದೇ ಒಲೆ. "ಲೇ ಅಂಬ್ಯಾ, ಪುಸ್ತಕ ನನ್ನ ಕಡೆ ಇರ್ಲಿ. ಸಾಹೇಬ್ರಿಗೆ ವರದಿ ನಾ ಬರದ ಕೊಡತೀನಿ, ನೀ ಊರು ತಿರುಗು" ಎಂದ. ಅಂಬಪ್ಪ ಖುಷಿಯಿಂದಲೇ ಕೊಟ್ಟ.

ತೊಂಬತ್ನಾಲ್ಕರಲ್ಲಿ ಒಂದು ಕಾಯಂ ಹುದ್ದೆ ಬಂತು. ಒಂದೇ ಒಂದು. ಸಂದರ್ಶನಕ್ಕೆ ಇಬ್ಬರೂ ಹೋದರು.

"ಮಣ್ಣು ಅಳೆಯುವವರು ಬೇಕಾದಷ್ಟಿದ್ದಾರೆ. ಜನರ ನಡುವೆ ಕೆಲಸ ಮಾಡಿದ್ದೀರಾ?" ಎಂದು ದೊಡ್ಡ ಸಾಹೇಬರು ಕೇಳಿದರು.

ಅಂಬಪ್ಪನ ಮುಖ ಅರಳಿತು. "ನಲವತ್ತೆರಡು ಸಭೆ ನಡೆಸೀನಿ ಸರ್."

ಸಾಹೇಬರು ಪುಸ್ತಕವನ್ನು ಅವನ ಕಡೆ ತಿರುಗಿಸಿದರು. ನಲವತ್ತೆರಡು ಹಾಳೆಗಳ ಮೇಲಿನ ಸಾಲಿನಲ್ಲೂ ಪಂಪಣ್ಣನ ಹೆಸರಿತ್ತು. ಅಂಬಪ್ಪ ಪುಸ್ತಕ ಮುಚ್ಚಿಟ್ಟು ಎದ್ದು ಬಂದ.

ಹೊರಗೆ ಪಂಪಣ್ಣ ಚಹಾ ಕುಡಿಯುತ್ತಿದ್ದ. "ಸಾಲು ಖಾಲಿ ಇತ್ತಲೇ, ತುಂಬಿದೆ. ನಿನಗ ಬ್ಯಾಡಾಗಿತ್ತಲ್ಲ" ಎಂದ. ಮೂರು ವರ್ಷ ಒಂದೇ ಗಂಗಾಳದಲ್ಲಿ ಉಂಡವನ ಮಾತಿದು.

ನೇಮಕದ ಆದೇಶ ಹೊರಡಲು ಇನ್ನೂ ಎರಡು ದಿನವಿತ್ತು. ಊರಿನವರು ಬಂದು ಹೇಳಿದರೆ ಸಾಹೇಬರು ನಂಬದೇ ಇರುತ್ತಾರೆಯೇ? ಅಂಬಪ್ಪ ಮರುದಿನ ಮುಂಜಾನೆಯೇ ದಢೇಸುಗೂರಿಗೆ ಬಂದು ಗದ್ದೆಮ್ಮನಿಗೆ ಎಲ್ಲ ಹೇಳಿದ. ಅವಳು ಕೇಳಿದವಳೇ ಸೆರಗು ಬಿಗಿದು ಎದ್ದಳು.

"ನಡೀಯಪ್ಪ, ನಾ ಬಂದು ಹೇಳತೀನಿ. ಇಡೀ ಊರ ಬರತೈತಿ. ಅಲ್ಲಾ, ಆ ಭಾಡ್ಯಾ ನಿನ್ನ ಹೆಸರು ಹ್ಯಾಂಗ ಅಳಿಸಿದ?"

"ಅಳಿಸಿಲ್ಲ ಯಮ್ಮಾ. ನಾ ಹೆಸರು ಹಾಕಿದ್ದೇ ಇಲ್ಲ. ಆ ಸಾಲು ಖಾಲಿ ಬಿಟ್ಟಿದ್ದೆ."

ಗದ್ದೆಮ್ಮ ಅವನನ್ನೇ ನೋಡಿದಳು. ಮೆಲ್ಲಗೆ ಮತ್ತೆ ಕೂತಳು.

"ಖಾಲಿ ಕಾಗದಕ್ಕ ಹೆಬ್ಬೆಟ್ಟು ಒತ್ತಬ್ಯಾಡ ಅಂತ ನಮ್ಮಪ್ಪ ಸಾಯೂತನಕ ಹೇಳ್ತಿದ್ದ. ಹೊಲ ಕಳಕೊಂಡಿದ್ದ ಅಂವ, ಹಂಗ ಒತ್ತಿ" ಎಂದಳು. "ಓದಿದಾಂವ ನೀ. ನಿನ್ನ ಮುಖ ನೋಡಿ ಒತ್ತಿದೆವಲ್ಲೋ ನಾವು."

ಬಿಗಿದ ಸೆರಗನ್ನು ಸಡಿಲಿಸಿದಳು. ಸಾಹೇಬರ ಬಳಿ ಹೋಗಲು ಮತ್ತೆ ಏಳಲಿಲ್ಲ.