ಆಕ್ಸಿಲರೇಟರ್ ಮೇಲಿನ ಕೈ

ಮೀನಿನ ಏಲಂ ಕೂಗುವವರನ್ನು ಕರೆಸಿ ಬೀಟೆ ಮರದ ಪೆಟ್ಟಿಗೆ ಮಾರಿಸಿದ ಮನುಷ್ಯ ಇಡೀ ಜಿಲ್ಲೆಯಲ್ಲಿ ನನ್ನ ಸೋದರಮಾವ ಒಬ್ಬರೇ ಇರಬೇಕು. ಉಡುಪಿಯಲ್ಲಿ ಅವರಿಗೆ ಹಳೆಯ ಸಾಮಾನಿನ ಅಂಗಡಿಯಿತ್ತು. ಪಾಲಾದ ದೊಡ್ಡ ಮನೆಗಳಿಂದ ಗೋಡೆ ಗಡಿಯಾರ, ತಾಮ್ರದ ಹಂಡೆ, ಆಟದ ಚೆನ್ನೆಮಣೆ, ಗ್ರಾಮಫೋನು ಎಲ್ಲವನ್ನೂ ತಂದು ತುಂಬಿಸುತ್ತಿದ್ದರು. ನಾನು ಕಾರ್ಕಳದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಶೆಡ್ಡಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಮಾವನ ಮಗ ದುಬೈಯ ಗ್ಯಾರೇಜೊಂದರಲ್ಲಿದ್ದ. ಅವನ ಮೂಲಕ ನನಗೊಂದು ವೀಸಾ ತರಿಸಿಕೊಡುವ ಮಾತು ಎರಡು ವರ್ಷಗಳಿಂದ ನಡೆಯುತ್ತಿತ್ತು. ನಮ್ಮ ಓರಗೆಯವರಲ್ಲಿ ಅರ್ಧಕ್ಕರ್ಧ ಜನ ಆಗಲೇ ವಿಮಾನ ಹತ್ತಿದ್ದರು. ಉಳಿದವನಾಗಿ ಹೋಟೆಲಿನಲ್ಲಿ ಕುಳಿತು ಚಾ ಕುಡಿಯುವುದೇ ಒಂದು ನಾಚಿಕೆಯ ಕೆಲಸವಾಗಿತ್ತು.

ಒಂದು ದಿನ ಮಾವ ಬೆಳ್ಮಣ್ಣಿನ ಒಂದು ಮನೆಯ ಹುಲ್ಲಿನ ಕೊಟ್ಟಿಗೆಯಿಂದ ಒಂದು ಮೋಟಾರ್ ಸೈಕಲನ್ನು ಎತ್ತಿಸಿಕೊಂಡು ಬಂದರು. ಯುದ್ಧದ ಕಾಲದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು. ಟ್ಯಾಂಕಿನೊಳಗೆ ಇಲಿ ಮರಿ ಹಾಕಿತ್ತು. ನೋಡಿದ ಕೂಡಲೇ ನನಗೆ ಅದರ ಮೇಲೆ ಮನಸ್ಸಾಯಿತು.

"ಇದನ್ನು ಮದುಮಗನ ಹಾಗೆ ಮಾಡಿ ಕೊಡು ಮಾರಾಯ," ಎಂದರು ಮಾವ. "ಮಣಿಪಾಲದಲ್ಲಿ ಒಂದು ಏಲಂ ಮಾಡುವ ಅಂತ ಉಂಟು. ದೊಡ್ಡ ದೊಡ್ಡ ಡಾಕ್ಟ್ರುಗಳು, ಪ್ರೊಫೆಸರುಗಳು ಬರ್ತಾರೆ. ಇದು ಒಳ್ಳೆ ರೇಟಿಗೆ ಹೋದರೆ ಮರುದಿನವೇ ನಿನ್ನ ಪಾಸ್‌ಪೋರ್ಟ್ ದುಬೈಗೆ ಕಳಿಸ್ತೇನೆ."

ಹನ್ನೊಂದು ತಿಂಗಳು ಅದರ ಹಿಂದೆ ಬಿದ್ದೆ. ಸಿಗದ ಬಿಡಿಭಾಗಗಳನ್ನು ಲೇತಿನಲ್ಲಿ ಕೊರೆಸಿದೆ. ಟ್ಯಾಂಕಿಗೆ ಕಪ್ಪು ಬಣ್ಣ ಹಚ್ಚಿ, ಅಂಚಿಗೆ ಬಂಗಾರದ ಗೆರೆ ಎಳೆಸಿದೆ. ಮೊದಲ ಸಲ ಇಂಜಿನ್ ಶಬ್ದ ಮಾಡಿದಾಗ ಶೆಡ್ಡಿನಲ್ಲಿ ಒಬ್ಬನೇ ನಿಂತು ಅತ್ತಿದ್ದೆ, ಈಗ ಹೇಳಲು ಏನು ನಾಚಿಕೆ!

ಏಲಂಗೆ ಹದಿನೈದು ದಿನ ಇರುವಾಗ, ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ಫೋರ್ಕಿನ ಹಳೆಯ ಬಣ್ಣ ಕೆರೆಯುತ್ತಿದ್ದೆ. ಫೋರ್ಕಿನ ಎಡಗಾಲಿನ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಸಪೂರವಾದ ಒಂದು ಗೆರೆ ಕಾಣಿಸಿತು. ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸುಣ್ಣ ಬಳಿದೆ. ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಎಣ್ಣೆ ಒಸರಿ ಗೆರೆ ಮೂಡಿತು. ಅದು ಗೀರಲ್ಲ, ಬಿರುಕು. ಪೈಪಿನ ಅರ್ಧ ಸುತ್ತು ಹೋಗಿತ್ತು.

ಬೇರೆ ಫೋರ್ಕ್ ಎಲ್ಲಿಂದ ತರುವುದು? ಮಂಗಳೂರಿನಲ್ಲಿ ಇರಲಿಲ್ಲ. ಬೊಂಬಾಯಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಮಾವನಿಗೆ ಹೇಳಿದೆ.

"ಬೆಸುಗೆ ಹಾಕು, ಬಣ್ಣ ಹೊಡಿ."

"ಮಾವ, ಅದು ಎಷ್ಟು ದಿನ ನಿಲ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ತುಂಡಾದರೆ ಚಕ್ರವೇ ಕಳಚಿ ಹೋಗ್ತದೆ."

"ಇದನ್ನು ಯಾರು ಓಡಿಸ್ತಾರೆ? ಕೊಂಡವ ತನ್ನ ಹಾಲಿನಲ್ಲಿ ನಿಲ್ಲಿಸಿ ನೆಂಟರಿಗೆ ತೋರಿಸ್ತಾನೆ. ನಿನಗೆ ವೀಸಾ ಬೇಕಾ ಬೇಡ್ವಾ?"

ಹಿತ್ತಾಳೆಯ ಬೆಸುಗೆ ಹಾಕಿದೆ. ಅರ ಹಿಡಿದು ನುಣ್ಣಗೆ ಮಾಡಿ, ಮೂರು ಕೋಟು ಬಣ್ಣ ಹೊಡೆದೆ. ಹುಡುಕಿದರೂ ಕಾಣದ ಹಾಗೆ ಮಾಡಿದೆ. ಹಾಲಿನಲ್ಲಿ ನಿಲ್ಲುವ ಗಾಡಿ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

ಏಲಂನ ಹಿಂದಿನ ದಿನ ಮಣಿಪಾಲದ ಬಾಡಿಗೆ ಹಾಲಿನಲ್ಲಿ ಸಾಮಾನು ಜೋಡಿಸುತ್ತಿದ್ದಾಗ ಒಬ್ಬ ಡಾಕ್ಟರು ಬಂದರು. ಎಲುಬಿನ ಡಾಕ್ಟರು, ಮೈಸೂರಿನ ಕಡೆಯವರು, ಮೂವತ್ತು ದಾಟಿರಲಿಕ್ಕಿಲ್ಲ. ಜೊತೆಯಲ್ಲಿ ಬಸುರಿ ಹೆಂಡತಿ. ಗಾಡಿಯ ಸುತ್ತ ನಾಲ್ಕು ಸುತ್ತು ಬಂದು, "ಚಿಕ್ಕಂದಿನಲ್ಲಿ ನಮ್ಮಪ್ಪನ ಹತ್ತಿರ ಇಂಥದ್ದೇ ಇತ್ತು," ಎಂದು ಹೆಂಡತಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಆಗುಂಬೆ ಘಾಟಿ ಹತ್ತುತ್ತಾ ಇದು? ಮಗು ಆದಮೇಲೆ ಇವಳನ್ನ ಕೂರಿಸಿಕೊಂಡು ಸೂರ್ಯಾಸ್ತ ನೋಡೋಕೆ ಹೋಗಬೇಕು," ಎಂದರು.

"ಹತ್ತುತ್ತದೆ," ಎಂದೆ. ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು. ಹತ್ತುವುದೇನೋ ಹತ್ತುತ್ತಿತ್ತು, ಇಳಿಯುವುದರ ಬಗ್ಗೆ ಅವರು ಕೇಳಿರಲಿಲ್ಲ. ಆ ರಾತ್ರಿ ಅನ್ನ ಸೇರಲಿಲ್ಲ.

ನಮ್ಮೂರಲ್ಲಿ ಇಂಥ ಏಲಂ ಕೂಗಿ ಅಭ್ಯಾಸವಿದ್ದವರು ಯಾರಿದ್ದರು? ಗಟ್ಟಿ ಗಂಟಲು ಬೇಕೆಂದು ಮಾವ ಕಾಪುವಿನಿಂದ ಒಬ್ಬ ಬ್ಯಾರಿ ಮುಸಲ್ಮಾನ ಹಿರಿಯರನ್ನು ಕರೆಸಿದ್ದರು. ಸಮುದ್ರದ ಬದಿಯಲ್ಲಿ ಮೂವತ್ತು ವರ್ಷ ಮೀನಿನ ಏಲಂ ಕೂಗಿದವರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಬಿಳಿ ಅಂಗಿ ಹಾಕಿ ಬಂದ ಕಾಕ ಸ್ಟೂಲಿನ ಮೇಲೆ ನಿಂತು ತಮ್ಮ ಕ್ರಮವನ್ನು ಹೇಳಿದರು.

"ಬೇಕಾದವರು ಸಾಮಾನಿಗೆ ಕೈ ಇಡಿ. ನಾನು ರೇಟು ಏರಿಸ್ತಾ ಹೋಗ್ತೇನೆ. ಸಾಕು ಅಂತ ಕಂಡವರು ಕೈ ತೆಗೀರಿ. ಕೊನೆಗೆ ಯಾರ ಕೈ ಉಳಿತದೋ ಬುಟ್ಟಿ ಅವರದ್ದು. ಕೂಗಿ ಆದ ಮೇಲೆ ಮತ್ತೆ ಮಾತಿಲ್ಲ."

ಪ್ರೊಫೆಸರುಗಳಿಗೆ ಬಹಳ ಖುಷಿಯಾಯಿತು. ಆದರೆ ಮೀನು ಬಿಸಿಲಿಗೆ ಕೆಡುವ ವಸ್ತು. ಕಾಕನಿಗೆ ನಿಧಾನ ಎಂಬುದೇ ತಿಳಿಯದು. ನೂರು ವರ್ಷದ ಗಡಿಯಾರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು. ಒಬ್ಬ ಹೆಂಗಸು ಚೀಲದಿಂದ ಕನ್ನಡಕ ತೆಗೆಯುವಷ್ಟರಲ್ಲಿ ಬೀಟೆ ಪೆಟ್ಟಿಗೆ ಬೇರೆಯವರ ಪಾಲಾಗಿತ್ತು. "ಸ್ವಲ್ಪ ಮೆಲ್ಲ ಕಾಕ, ಇದು ಬಂಗುಡೆ ಮೀನಲ್ಲ," ಎಂದು ಮಾವ ಬೆವರು ಒರೆಸಿಕೊಳ್ಳುತ್ತಿದ್ದರು. ಅಷ್ಟೇ ಅಲ್ಲ, ಬುಟ್ಟಿಯ ಅಡಿಯ ಮೀನನ್ನೂ ಎತ್ತಿ ತೋರಿಸಿ ಕೂಗುವುದು ಕಾಕನ ಪದ್ಧತಿ. ಗ್ರಾಮಫೋನನ್ನು ಎತ್ತಿ ಬುಡದಲ್ಲಿದ್ದ ಗೆದ್ದಲನ್ನು ಎಲ್ಲರಿಗೂ ತೋರಿಸಿದರು. ಮಾವ ಓಡಿ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಕಾಕ ಅಡಿ ತೋರಿಸುವುದನ್ನು ಬಿಟ್ಟರು, ಆದರೆ ಮುಖ ಸಪ್ಪಗಾಯಿತು.

ಕೊನೆಗೆ ಮೋಟಾರ್ ಸೈಕಲ್. ಕೂಗು ಮುಗಿಯುವ ತನಕ ಇಂಜಿನ್ ಓಡುತ್ತಿರಬೇಕೆಂದು ಮಾವನ ಅಪ್ಪಣೆ. ಆಕ್ಸಿಲರೇಟರ್ ಬಿಟ್ಟರೆ ನಿಂತುಹೋಗುವ ಚಾಳಿ ಅದಕ್ಕಿತ್ತು. ಹಾಗಾಗಿ ಕಿಕ್ ಹೊಡೆದು, ಬಲಗೈಯಲ್ಲಿ ಆಕ್ಸಿಲರೇಟರ್ ಹಿಡಿದು ನಿಂತೆ. ಕಾರ್ಕಳದ ಗೇರುಬೀಜದ ಕಾರ್ಖಾನೆಯವರೊಬ್ಬರು ಟ್ಯಾಂಕಿನ ಮೇಲೆ ಕೈ ಇಟ್ಟರು. ಡಾಕ್ಟರು ಸೀಟಿನ ಮೇಲೆ ಕೈ ಇಟ್ಟರು.

ಕಾಕ ಕೂಗತೊಡಗಿದರು. ನನ್ನ ಕಣ್ಣು ಬಣ್ಣದ ಅಡಿಯಲ್ಲಿದ್ದ ಆ ಬೆಸುಗೆಯ ಮೇಲೆಯೇ ಇತ್ತು. ಇಂಜಿನಿನ ನಡುಕಕ್ಕೆ ಅದು ಈಗಲೇ ಬಾಯಿ ಬಿಡುತ್ತದೆಯೇ? ಬಿಟ್ಟರೆ ಒಳ್ಳೆಯದಿತ್ತು. ನಾನು ಹೇಳುವ ಕೆಲಸ ಉಳಿಯುತ್ತಿತ್ತು. ಕಾರ್ಖಾನೆಯವರು ಕೈ ತೆಗೆದರು. ಇನ್ನು ಡಾಕ್ಟರು ಮಾತ್ರ, ಮುಗಿಯಿತು ಎಂದುಕೊಂಡೆ. ಆದರೆ ಕಾಕ ನಿಲ್ಲಿಸಲಿಲ್ಲ.

"ಇನ್ನೂ ಎರಡು ಕೈ ಉಂಟು!" ಎಂದು ರೇಟು ಏರಿಸಿದರು.

ಎರಡನೆಯ ಕೈ ಯಾರದ್ದೆಂದು ನಾನೂ ಸುತ್ತ ನೋಡಿದೆ. ಜನರೆಲ್ಲ ಆಕ್ಸಿಲರೇಟರ್ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದರು. ಮಾವ ಗೋಡೆಯ ಬದಿಯಿಂದ ಕಣ್ಣು ಅರಳಿಸಿ, ಕೈ ತೆಗೆ, ಕೈ ತೆಗೆ ಎಂದು ಸನ್ನೆ ಮಾಡುತ್ತಿದ್ದರು. ತೆಗೆದರೆ ದುಬೈ. ತೆಗೆದರೆ ಇಂಜಿನ್ ನಿಲ್ಲುತ್ತದೆ, ಗಾಡಿ ಡಾಕ್ಟರದ್ದಾಗುತ್ತದೆ, ಮಗುವಾದ ಮೇಲೆ ಅವರು ಹೆಂಡತಿಯನ್ನು ಕೂರಿಸಿಕೊಂಡು ಆಗುಂಬೆ ಇಳಿಯುತ್ತಾರೆ. ಕಾಕ ಮತ್ತೆ ಏರಿಸಿದರು. ನನ್ನ ಅಂಗೈ ಬೆವತು ಹಿಡಿ ಜಾರುತ್ತಿತ್ತು. ಹೆಂಡತಿ ಡಾಕ್ಟರ ತೋಳು ಮುಟ್ಟಿ ಏನೋ ಹೇಳಿದರು. ಅವರು ನನ್ನನ್ನು ದುರುಗುಟ್ಟಿ ನೋಡಿ ಸೀಟಿನಿಂದ ಕೈ ತೆಗೆದರು.

"ಒಂದು, ಎರಡು, ಮೂರು. ಬುಟ್ಟಿ ಮೆಕ್ಯಾನಿಕ್ಕಿಗೆ!"

ಧೈರ್ಯದಿಂದ ಕೈ ಇಟ್ಟುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಯಾವುದನ್ನೂ ತೀರ್ಮಾನಿಸಲಾಗದೆ ಕೈ ಅಲ್ಲೇ ಮರಗಟ್ಟಿತ್ತು. ಆಮೇಲೆ ಮಾತ್ರ ಬಾಯಿ ಬಂತು. "ಫೋರ್ಕ್ ಒಡೆದಿದೆ ಡಾಕ್ಟ್ರೇ, ನಾನೇ ಬೆಸುಗೆ ಹಾಕಿ ಮುಚ್ಚಿದ್ದು," ಎಂದೆ. ಸ್ಕ್ರೂಡ್ರೈವರಿನಲ್ಲಿ ಬಣ್ಣ ಕೆರೆದು ಬೆಸುಗೆಯ ಹಳದಿ ಗೆರೆ ತೋರಿಸಿದೆ.

ಮಾವ ನನ್ನದೇ ಚೀಲದಿಂದ ಸುತ್ತಿಗೆ ಕಿತ್ತುಕೊಂಡು ಆ ಜಾಗಕ್ಕೆ ಬಡಿದರು. ಒಂದು ಸಲ, ಎರಡು ಸಲ, ಮೂರು ಸಲ. ಏನೂ ಆಗಲಿಲ್ಲ.

"ನೋಡಿ, ಎಂತ ಆಗಿದೆ ಇದಕ್ಕೆ? ಇವನಿಗೆ ಗಾಡಿಯ ಮೇಲೆ ಆಸೆ, ಅಷ್ಟೇ," ಎಂದರು ಮಾವ.

"ನಾಟಕ ಚೆನ್ನಾಗಿತ್ತು," ಎಂದರು ಡಾಕ್ಟರು. ಹೆಂಡತಿಯ ಕೈ ಹಿಡಿದು ಹೊರಟುಹೋದರು.

ಕೂಗಿದ ರೇಟನ್ನು ಮಾವ ಬಿಡಲಿಲ್ಲ, ದುಬೈಗೆಂದು ಕೂಡಿಟ್ಟದ್ದೆಲ್ಲ ಗಾಡಿಗೆ ಹೋಯಿತು. ವೀಸಾ ನನ್ನ ಚಿಕ್ಕಮ್ಮನ ಮಗನಿಗೆ ಹೋಯಿತು. ಅದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಮಾತು. ಸುಳ್ಳು ಹೇಳಿ ಡಾಕ್ಟರ ಕೈಯಿಂದ ಗಾಡಿ ಹೊಡೆದುಕೊಂಡನಂತೆ ಎಂಬ ಸುದ್ದಿ ಮಣಿಪಾಲದಿಂದ ಕಾರ್ಕಳಕ್ಕೆ ನನಗಿಂತ ಮೊದಲೇ ತಲುಪಿತ್ತು. ಸುಳ್ಳುಗಾರ ಮೆಕ್ಯಾನಿಕ್ಕಿನ ಕೈಗೆ ಬ್ರೇಕು ಯಾರು ಕೊಡುತ್ತಾರೆ? ಶೆಡ್ಡಿಗೆ ಬರುವವರು ಕಡಿಮೆಯಾದರು. ಗಾಡಿಯನ್ನು ಗೋಣಿಯಿಂದ ಮುಚ್ಚಿಟ್ಟೆ. ಏಳು ತಿಂಗಳು ಕಳೆಯುವಾಗ ನನಗೇ ಸಂಶಯ ಹತ್ತಿತು. ಸುತ್ತಿಗೆಗೆ ಒಡೆಯದ್ದು ಇನ್ನು ಯಾವುದಕ್ಕೆ ಒಡೆದೀತು? ಅಲ್ಲಿ ಬಿರುಕು ಇದ್ದದ್ದು ಹೌದೇ?

ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಯಾರೋ, "ಎಂತ, ಒಡೆದ ಗಾಡಿ ಹೇಗುಂಟು?" ಎಂದು ನಕ್ಕರು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ನೆಟ್ಟಗೆ ಶೆಡ್ಡಿಗೆ ಬಂದೆ, ಗೋಣಿ ಎಳೆದು ಬಿಸಾಡಿದೆ, ಕಿಕ್ ಹೊಡೆದೆ. ಒಡೆಯದಿದ್ದರೆ ನಾನು ಸುಳ್ಳುಗಾರ, ಒಡೆದರೆ ಬದುಕಿ ಬರುವುದಿಲ್ಲ. ಅಂಥ ಸವಾರಿ ಅದು. ಬೆಳ್ಮಣ್ಣಿನ ಇಳಿಜಾರುಗಳಲ್ಲಿ ಬೇಕೆಂದೇ ಮುಂದಿನ ಬ್ರೇಕ್ ಹಿಡಿದೆ. ಶಂಕರಪುರದಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ ಹಿಡಿದುಕೊಂಡು ಬಸ್ಸಿಗೆ ಓಡುತ್ತಿದ್ದ ಹೆಂಗಸೊಬ್ಬರು ಎದುರಿಗೇ ಬಂದುಬಿಟ್ಟರು. ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಜಾರಿ ಗಾಡಿ ಅಡ್ಡವಾಗಿ ನಿಂತಿತು. ಅವರು ಒಂದು ಮೊಳ ದೂರದಲ್ಲಿ ನಿಂತು ನನ್ನ ಹಿರಿಯರನ್ನೆಲ್ಲ ನೆನೆದು ಬೈದರು. ಫೋರ್ಕಿಗೆ ಏನೂ ಆಗಲಿಲ್ಲ. ಕಾಕನನ್ನು ಕೇಳಿಯೇ ತೀರಬೇಕೆಂದು ಕಾಪುವಿನ ತನಕ ಹೋದೆ.

ಕಾಕ ಮರಳಿನ ಮೇಲೆ ಖಾಲಿ ಬುಟ್ಟಿಗಳ ನಡುವೆ ಕುಳಿತಿದ್ದರು.

"ಆ ದಿನ ನನ್ನ ಕೈಯನ್ನು ಯಾಕೆ ಲೆಕ್ಕಕ್ಕೆ ಹಿಡಿದಿರಿ ಕಾಕ? ಇಂಜಿನ್ ನಿಲ್ಲಬಾರದು ಅಂತ ಹಿಡಿದದ್ದು ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಿತ್ತು," ಎಂದರು ಕಾಕ, ನಿರಾಳವಾಗಿ. "ನಿನ್ನ ಮುಖ ನೋಡಿದೆ ಮಾರಾಯ. ಅಡಿಯಲ್ಲಿ ಕೊಳೆತ ಮೀನು ಇಟ್ಟವನ ಮುಖ ನಾನು ಎಷ್ಟು ನೋಡಿಲ್ಲ! ಅಡಿ ತೋರಿಸಬಾರದು ಅಂತ ನಿನ್ನ ಮಾವ ಹೇಳಿದ್ರು. ತೋರಿಸಲಿಲ್ಲ. ಇಟ್ಟವನಿಗೇ ಬುಟ್ಟಿ ವಾಪಸು ಕೊಟ್ಟೆ."

ಬೈಯಲೆಂದು ಹೋದವನು ಗಾಡಿ ತಿರುಗಿಸಿದೆ. ಕತ್ತಲಾಗುವ ಮೊದಲು ಕಾರ್ಕಳಕ್ಕೆ ಹಿಂದಿರುಗಿ, ಗಾಡಿಯನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ತೊಳೆಯಲೆಂದು ಸ್ಟ್ಯಾಂಡಿನಿಂದ ಮುಂದಕ್ಕೆ ದೂಡಿದೆ. ಚಕ್ರ ನೆಲಕ್ಕೆ ಇಳಿದದ್ದು, ಟಕ್ಕೆಂದು ಶಬ್ದವಾದದ್ದು, ಗಾಡಿಯ ಮೂತಿ ಎಡಕ್ಕೆ ಮಲಗಿದ್ದು ಎಲ್ಲ ಒಟ್ಟಿಗೇ ಆಯಿತು. ಫೋರ್ಕಿನ ಎಡಗಾಲು ಎರಡು ತುಂಡಾಗಿತ್ತು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಮೊದಲು ಸಂತೋಷವಾಯಿತು. ಆಮೇಲೆ ಹಿಂದಿನ ದಿನ ಶಂಕರಪುರದಲ್ಲಿ ಎದುರಿಗೆ ಬಂದ ಹೆಂಗಸು ನೆನಪಾದರು.

ತುಂಡನ್ನು ಗೋಣಿಚೀಲಕ್ಕೆ ಹಾಕಿ ಮಣಿಪಾಲದ ಬಸ್ಸು ಹತ್ತಿದೆ. ಡಾಕ್ಟರ ಮನೆಯ ಬಾಗಿಲು ತಟ್ಟಿದಾಗ ಅವರೇ ತೆಗೆದರು, ಹೆಗಲ ಮೇಲೆ ಮಗು ಮಲಗಿತ್ತು. ನನ್ನನ್ನು ನೋಡಿ ಮುಖ ಬಿಗಿಯಾಯಿತು. ನಾನು ಚೀಲದಿಂದ ತುಂಡು ತೆಗೆದು ಚಾಚಿದೆ. ಮಗುವನ್ನು ಹೆಂಡತಿಗೆ ಕೊಟ್ಟು, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುರಿದ ಮುಖದ ಬಹುಭಾಗ ಕಪ್ಪು ತುಕ್ಕು. ಒಂದು ಅಂಚು ಮಾತ್ರ ಹೊಸ ಕಬ್ಬಿಣದ ಹೊಳಪು.

"ಇದು ಹಳೇ ಮುರಿತ," ಎಂದರು ಮೆಲ್ಲಗೆ. "ಇಷ್ಟೇ ಇಷ್ಟು ಹಿಡಿದುಕೊಂಡಿತ್ತು. ಯಾವಾಗ ಹೋಯ್ತು?"

"ಇವತ್ತು ಬೆಳಿಗ್ಗೆ. ನಿಂತಲ್ಲೇ."

"ಅದಕ್ಕೆ ಮುಂಚೆ ಓಡಿಸಿದವರು ಯಾರು?"

"ನಾನು. ನಿನ್ನೆ. ಕಾಪುವಿಗೆ ಹೋಗಿ ಬಂದೆ."

ಡಾಕ್ಟರು ತಲೆ ಎತ್ತಿದರು. "ನಿಮಗೆ ತಲೆ ನೆಟ್ಟಗಿದೆಯೇನ್ರೀ? ಒಡೆದಿದೆ ಅಂತ ಗೊತ್ತಿದ್ದೂ ಓಡಿಸಿದ್ರಾ? ಇಂಥವರನ್ನು ದಿನಾ ಸ್ಟ್ರೆಚರ್ ಮೇಲೆ ನೋಡ್ತೀನಿ ನಾನು! ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?" ದನಿ ಏರುತ್ತಲೇ ಹೋಯಿತು. ಮಗು ಎಚ್ಚರವಾಗಿ ಅಳತೊಡಗಿತು. ಹೆಂಡತಿ, "ಸಾಕು ಬಿಡಿ," ಎಂದರೂ ನಿಲ್ಲಿಸಲಿಲ್ಲ.

ನನ್ನ ಜೀವಕ್ಕಾಗಿ ನನಗೆ ಯಾರೂ ಹಾಗೆ ಬೈದದ್ದಿಲ್ಲ, ಬೈದಿದ್ದರೆ ನಾನು ಸುಮ್ಮನಿದ್ದವನೂ ಅಲ್ಲ. ಆ ದಿನ ಮಾತ್ರ ಖಾಲಿ ಚೀಲ ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತು ಪೂರ್ತಿ ಬೈಸಿಕೊಂಡೆ. ಇನ್ನೂ ಸ್ವಲ್ಪ ಬೈಯಲಿ ಎನಿಸುತ್ತಿತ್ತು.