ಹುಳಕ್ಕೆ ಹುಳ ಅನ್ನಬೇಕು

ಅಕ್ಕನ ಬಲ ಅಂಗೈಯಲ್ಲಿ ಯಾವಾಗಲೂ ಏನಾದರೊಂದು ಹರಿದಾಡುತ್ತಿತ್ತು. ಮೊದಲ ಮಳೆ ಬಿದ್ದ ಮರುದಿನ ಮಖಮಲ್ಲಿನಂಥ ಕೆಂಪು ಹುಳ, ಶ್ರಾವಣದಲ್ಲಿ ಹಸಿರು ಮಿಡತೆ, ಬೇಸಿಗೆಯಲ್ಲಿ ಗೋಡೆಯ ಬಿರುಕಿನಿಂದ ಹೊರಬಿದ್ದ ಗೊದ್ದ. ಅದು ಬೆರಳ ತುದಿಗೆ ಬಂದರೆ ಅವಳು ಕೈ ತಿರುಗಿಸುವಳು. ಅದು ಮತ್ತೆ ಮೇಲೇರಿ ಹಸಿರು ಬಳೆಗಳ ನಡುವೆ ನುಸುಳುವುದು. ಸುತ್ತ ಕುಳಿತ ಮಕ್ಕಳು ಉಸಿರು ಬಿಗಿಹಿಡಿದು ನೋಡುವರು. ನಾನು ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು, ಕಾಲ್ಬೆರಳು ಮುದುಡಿಕೊಂಡು ನಿಂತಿರುತ್ತಿದ್ದೆ.

ಮುಂಡಗೋಡ ತಾಲೂಕಿನ ಪಾಳಾ ಊರಿನ ಆಚೆ, ಕಾಡಿನ ಅಂಚಿಗಿರುವ ನಮ್ಮೂರಿನ ಅಂಗನವಾಡಿಯಲ್ಲಿ ಅಕ್ಕ ಟೀಚರು, ನಾನು ಸಹಾಯಕಿ. ಮಕ್ಕಳು ಅವಳನ್ನು ಅಕ್ಕೋರು ಎನ್ನುತ್ತಿದ್ದರು, ನನ್ನನ್ನು ಆಯಾ. ಅವಳು ಪಿಯುಸಿ ಮುಗಿಸಿದವಳು, ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಬರೆಯಲು ನನಗೆ ಬಹಳ ಹೊತ್ತು ಬೇಕು. ಆದರೂ ಇದನ್ನು ನಾನೇ ಬರೆಯಬೇಕು. ಬೇರೆ ಯಾರಾದರೂ ಬರೆದರೆ ನನ್ನ ತಪ್ಪನ್ನು ಬಿಟ್ಟು ಬರೆಯುತ್ತಾರೆ, ಏಕೆಂದರೆ ಅದು ಅವರಿಗೆ ಗೊತ್ತಿಲ್ಲ.

ಅಕ್ಕನ ಪಾಠಕ್ಕೆ ಕೆರೆಯ ಮಣ್ಣು, ಕಸಬರಿಗೆಯ ಕಡ್ಡಿ, ಹುಣಸೆಬೀಜ ಇದ್ದರೆ ಸಾಕಿತ್ತು. ಮಣ್ಣಿನ ಮೂರು ಉಂಡೆ ಜೋಡಿಸಿ ನಡುವಿನ ಉಂಡೆಗೆ ಆರು ಕಡ್ಡಿ ಚುಚ್ಚಿದರೆ ಇರುವೆ. ಯಾವುದಾದರೂ ಮಗು ಹಿಂದಿನ ಉಂಡೆಗೆ ಚುಚ್ಚಿದರೆ, "ಪಾಪ, ಅದರ ಹೊಟ್ಟಿ ನೋಯ್ತೈತಿ, ಎದಿಗೆ ಹಚ್ಚವಾ," ಎನ್ನುವಳು. ಮಕ್ಕಳೇ ಇರುವೆಗಳಾಗಿ ಬೆಲ್ಲದ ಚೂರು ಹಿಡಿದು ಸಾಲಾಗಿ ನಡೆಯುತ್ತಿದ್ದರು. ಸಾಲು ಗೋಡೆ ಮುಟ್ಟುವಷ್ಟರಲ್ಲಿ ಯಾರ ಕೈಯಲ್ಲೂ ಬೆಲ್ಲ ಉಳಿದಿರುತ್ತಿರಲಿಲ್ಲ. "ಇವು ಕಳ್ಳ ಇರವಿ ಅದಾವ," ಎಂದು ಅವಳು ಸೊಂಟಕ್ಕೆ ಕೈ ಕೊಟ್ಟು ನಿಲ್ಲುವಳು.

ಎಲ್ಲರಿಗೂ ಇಷ್ಟವಾದದ್ದು ಚಿಟ್ಟೆಯ ಆಟ. ಒಂದು ಮಗುವನ್ನು ನಮ್ಮ ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಮಲಗಿಸುವುದು. ಅದು ಗೂಡು. ಉಳಿದವರು ಹತ್ತು ಎಣಿಸುವತನಕ ಯಾರೂ ಮಾತಾಡಬಾರದು. ಆಮೇಲೆ ಒಳಗಿನ ಮಗು ಸೀರೆ ಬಿಚ್ಚಿಕೊಂಡು ರಟ್ಟಿನ ರೆಕ್ಕೆ ಕಟ್ಟಿಕೊಂಡು ಹಾರುವುದು. ಆ ಸೀರೆ ಮೂಲೆಯ ಬಿದಿರು ಬುಟ್ಟಿಯಲ್ಲಿ ಇರುತ್ತಿತ್ತು.

ಯಾವ ಹುಳ ಸಿಕ್ಕರೂ ಅಕ್ಕನ ಮೊದಲ ಪ್ರಶ್ನೆ ಒಂದೇ: "ಎಷ್ಟ ಕಾಲ ಅದಾವ?" ಒಮ್ಮೆ ಕೆಂಪು ಹುಳ ತೋರಿಸಿ ಕೇಳಿದಾಗ ಎಲ್ಲ ಮಕ್ಕಳೂ ರೂಢಿಯಂತೆ ಆರು ಎಂದರು. ಹೊಸದಾಗಿ ಸೇರಿದ್ದ, ಮನೆಯಲ್ಲಿ ಕೊಂಕಣಿ ಮಾತಾಡುವ ಕಾಡಂಚಿನ ಸಿದ್ದಿ ಜನರ ಮಗಳೊಬ್ಬಳು ಮಾತ್ರ ಬೆರಳು ಮಡಚಿ ಮಡಚಿ ಎಣಿಸಿ, "ಎಂಟ," ಎಂದಳು. ಅಕ್ಕ ಚಸ್ಮಾ ಹಾಕಿಕೊಂಡು ಎಣಿಸಿದಳು. ಎಂಟೇ ಇದ್ದವು. "ಹೌದ ನೋಡ, ಇದು ಜೇಡನ ಬಳಗಾ. ಇಷ್ಟ ವರ್ಷ ನಾನ ಎಣಿಸಿಲ್ಲಲ್ಲ," ಎಂದು ನಕ್ಕಳು. ಅಂದಿನಿಂದ ಬಂದವರಿಗೆಲ್ಲ ಆ ಹುಡುಗಿಯನ್ನು ತೋರಿಸಿ, "ಈಕಿ ನನಗ ಪಾಠಾ ಹೇಳಿದಾಕಿ," ಎನ್ನುತ್ತಿದ್ದಳು.

ಈಗ ಹುಳ ಎಂಬ ಮಾತಿಗೆ ಬರಬೇಕು. ಕಾಲಿಲ್ಲದೆ ಹರಿಯುವ ಅದನ್ನು ನಮ್ಮ ಕಡೆ ಹುಳ ಎಂದೇ ಹೇಳುವುದು. ಹೆಸರು ಹಿಡಿದರೆ ಕೇಳಿಸಿಕೊಂಡು ಬರುತ್ತದೆ ಎಂದು ಅವ್ವ ನಮ್ಮ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಕಚ್ಚಿತು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತೇವೆ. ನಮ್ಮಪ್ಪನಿಗೆ ಗದ್ದೆಯಲ್ಲಿ ಮುಟ್ಟಿದಾಗ ನನಗೆ ಮೂರು ವರ್ಷ, ಅಕ್ಕನಿಗೆ ಆರು. ಅವಳು ಅದನ್ನು ಒಂದೇ ಸಲ ನನಗೆ ಹೇಳಿದ್ದಳು: "ಅಪ್ಪಗ ಹುಳಾ ಮುಟ್ಟೇತಿ ಅಂದ್ರು. ನಾ ಇರವಿ ಕಡದೈತಿ ಅಂತ ತಿಳದು ಆಡಾಕ ಹೋದ್ನಿ. ತಿರುಗಿ ಬರೂದ್ರಾಗ ಅಪ್ಪನ್ನ ಹೊರಗ ಮಲಗಿಸಿದ್ರು."

ಅದಕ್ಕೇ ಅವಳಿಗೆ ಆ ಹಟ. "ಹುಳಕ್ಕ ಹುಳಾ ಅನ್ನಬೇಕು, ಹಾವಿಗೆ ಹಾವು ಅನ್ನಬೇಕು. ಹುಳಾ ಕಂಡ್ರ ಹತ್ರ ಹೋಗಿ ನೋಡ್ರಿ. ಹಾವು ಕಂಡ್ರ ದೂರ ಓಡ್ರಿ." ಪ್ರತಿ ಸೋಮವಾರ ಮಕ್ಕಳಿಂದ ಇದನ್ನು ಹೇಳಿಸುತ್ತಿದ್ದಳು. ಇಪ್ಪತ್ತು ಗಂಟಲಿನಿಂದ ಆ ಹೆಸರು ಹೊರಟರೆ ನಾನು ಅಡುಗೆ ಕೋಣೆಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಹೆಂಚಿನ ಸಂದಿ, ಅಕ್ಕಿ ಡಬ್ಬಿಯ ಹಿಂದೆ, ಮೆಟ್ಟಿಲ ಕೆಳಗೆ ನೋಡುತ್ತಿದ್ದೆ, ಯಾರೋ ಕರೆದದ್ದನ್ನು ಅದು ಕೇಳಿಸಿಕೊಂಡಿತೇನೋ ಎಂದು. ಮಿಡತೆ ಹಾರಿದರೂ "ಹುಳಾ, ಹುಳಾ" ಎಂದು ಚೀರುವವಳು ನಾನು. ಅಕ್ಕ ತಿರುಗಿಯೂ ನೋಡದೆ, "ನಮ್ಮ ಆಯಾಗ ಮತ್ತೊಂದ ಹುಳಾ ಸಿಕ್ತು," ಎನ್ನುವಳು. ಮಕ್ಕಳು ನಗುವರು.

ನನ್ನ ತಪ್ಪು ಇದು. ಅಕ್ಕ ಮೀಟಿಂಗಿಗೆಂದು ಮುಂಡಗೋಡಕ್ಕೆ ಹೋದ ದಿನಗಳಲ್ಲಿ ಮಕ್ಕಳು ಆ ಹೆಸರು ಹೇಳುವುದನ್ನು ಬಿಡಿಸಲು ನೋಡುತ್ತಿದ್ದೆ. ದೊಡ್ಡ ಮಕ್ಕಳು ನನ್ನನ್ನು ಅಣಕಿಸಿದರು. ಆ ಸಿದ್ದಿ ಹುಡುಗಿ ಮಾತ್ರ ಕೇಳಿದಳು. ಅವಳಿಗೆ ಕನ್ನಡದ ಒಂದೊಂದು ಮಾತೂ ಹೊಸದು, ಯಾರು ಕೊಟ್ಟರೂ ಜೋಪಾನ ಮಾಡುತ್ತಿದ್ದಳು. "ಅದರ ಹೆಸರ ತಗೀಬಾರದವಾ. ಮನಿಗೆ ಬರ್ತೈತಿ. ಹುಳಾ ಅನ್ನು," ಎಂದೆ. "ಹುಳಾ," ಎಂದಳು. ಶಾಬಾಸ್ ಎಂದು ತಲೆ ಸವರಿದೆ.

ಆಷಾಢದ ಒಂದು ಮುಂಜಾನೆ ಮಳೆ ಹಿಡಿದಿತ್ತು. ಚಿಟ್ಟೆಯ ಆಟಕ್ಕೆ ಸೀರೆ ತರಲು ಅಕ್ಕ ಆ ಹುಡುಗಿಯನ್ನೇ ಕಳಿಸಿದಳು. ಅವಳು ಬುಟ್ಟಿಯವರೆಗೆ ಹೋಗಿ ಬರಿಗೈಯಲ್ಲಿ ಬಂದಳು.

"ಅಕ್ಕೋರ, ಹುಳಾ ಐತಿ."

"ಹೌದಾ? ಎಷ್ಟ ಕಾಲ ಅದಾವ?"

"ಕಾಲ ಇಲ್ಲ."

"ಕಾಲ ಇಲ್ಲಂದ್ರ ಎರಿಹುಳಾ ಇರಬೇಕು. ಮಳೀಗೆ ಒಳಗ ಬಂದೈತಿ. ಬರ್ರಿ, ನೋಡೂಣು," ಎಂದು ಅಕ್ಕ ಎದ್ದಳು.

ನನಗೆ ಗೊತ್ತಾಯಿತು. ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಾಯಿತು. ಕೈಯಲ್ಲಿದ್ದ ಪಾತ್ರೆ ಬಿತ್ತು. ಆ ಹೆಸರು ನಾಲಗೆಯ ಮೇಲೆ ಬಂತು, ಆದರೆ ಬಾಯಿ ದಾಟಲಿಲ್ಲ. ಹೊರಗೆ ಬಂದದ್ದು, "ಅಕ್ಕಾ, ಹುಳಾ, ಹುಳಾ."

"ಗೊತ್ತಾತ ಬಿಡ, ಹುಚ್ಚಿ," ಎಂದು ನಗುತ್ತಲೇ ಅಕ್ಕ ಸೀರೆಯ ಮಡಿಕೆಗೆ ಕೈ ಹಾಕಿದಳು.

ಅವಳು ಚೀರಲಿಲ್ಲ. ಕೈ ಹಿಂದಕ್ಕೆ ತೆಗೆದು ಬೆರಳನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿದಳು. ಮಕ್ಕಳಿಗೆ, "ಇರವಿ ಸಾಲ ಮಾಡ್ರಿ. ಹೊರಗ ಹೋಗ್ರಿ," ಎಂದಳು. ಇಪ್ಪತ್ತು ಮಕ್ಕಳೂ ಸಾಲಾಗಿ ಮಳೆಗೆ ಇಳಿದವು. ಕೊನೆಯ ಮಗು ಹೊಸ್ತಿಲು ದಾಟಿದ ಮೇಲೆ ಅವಳು ಗೋಡೆಗೆ ಒರಗಿದಳು.

ಪಕ್ಕದ ಮನೆಯವರ ಟೆಂಪೋದಲ್ಲಿ ಮುಂಡಗೋಡಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ. ಟೆಂಪೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ರೆಪ್ಪೆ ಇಳಿಯುತ್ತಿತ್ತು, ಮಾತು ಜಡವಾಗುತ್ತಿತ್ತು.

"ಆ ಕೂಸಿಗಿ ಹಾವು ಅನ್ನೂದ ಕಲಿಸಿದ್ನಲ್ಲ. ಮತ್ಯಾಕ ಹುಳಾ ಅಂತು?"

ನಾನು ಅವಳ ಹಣೆಯ ಮೇಲಿನ ಮಳೆನೀರು ಒರೆಸಿದೆ.

"ನಾನ ಸರಿ ಕಲಿಸಿಲ್ಲ ಕಾಣತೈತಿ."

"ಮಾತಾಡಬ್ಯಾಡಕ್ಕಾ," ಎಂದೆ. ಅಷ್ಟೇ ಎಂದೆ. ನಾನೇ ಹೇಳಿಕೊಟ್ಟೆ ಅಕ್ಕಾ, ನೀನು ಸರಿಯಾಗಿಯೇ ಕಲಿಸಿದ್ದೆ ಎನ್ನಲು ದಾರಿಯುದ್ದಕ್ಕೂ ಹೊತ್ತಿತ್ತು. ಈಗ ಹೇಳಿದರೆ ನನ್ನ ತೊಡೆಯಿಂದ ತಲೆ ಎತ್ತಿಕೊಂಡಾಳು ಎಂದು ಅಂಜಿದೆ. ದೀಪ ಹಚ್ಚುವ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಅಕ್ಕ ಹೋದಳು, ತನ್ನ ಪಾಠ ಸುಳ್ಳಾಯಿತು ಎಂದುಕೊಂಡೇ.

ಊರಿನವರು, "ಕೂಸು ಸರಿಯಾಗಿ ಹೇಳಲಿಲ್ಲ, ಪಾಪ," ಎಂದರು. ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಹುಡುಗಿಯ ತಾಯಿ ಅವಳನ್ನು ಮತ್ತೆ ಅಂಗನವಾಡಿಗೆ ಕಳಿಸಲಿಲ್ಲ. ಈಗ ಅವಳು ಮೂರನೇ ತರಗತಿ. ಶಾಲೆಗೆ ಹೋಗುವಾಗ ನಮ್ಮ ಬಾಗಿಲ ಮುಂದೆ ತಲೆ ಬಗ್ಗಿಸಿ ಬೇಗ ಬೇಗ ನಡೆಯುತ್ತಿದ್ದಳು. ಅಕ್ಕನ ನೆನಪಿಗೆ ಅಂಜುತ್ತಾಳೆ ಎಂದುಕೊಂಡಿದ್ದೆ.

ಹೋದ ವಾರ ಅವಳನ್ನು ನಿಲ್ಲಿಸಿದೆ. "ಅವತ್ತಿನ ತಪ್ಪು ನಿಂದಲ್ಲವಾ. ಹಂಗ ಅನ್ನಂತ ನಿನಗ ಕಲಿಸಿದಾಕಿ ನಾನು," ಎಂದೆ.

"ನನಗ ಗೊತ್ತೈತ್ರಿ," ಎಂದಳು. "ನೀವ ಹೇಳಿದ್ದ ನೆನಪೈತ್ರಿ."

"ಮತ್ತ ಯಾರಿಗೂ ಯಾಕ ಹೇಳಲಿಲ್ಲ?"

ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನಗ ನಿಮ್ಮ ಅಂಜಿಕಿ ಬಂತ್ರಿ," ಎಂದಳು.

ಇಷ್ಟು ವರ್ಷ ಅವಳು ಬೇಗ ಬೇಗ ನಡೆದದ್ದು ನನ್ನಿಂದ ದೂರವಾಗಲು. ಅಂದೇ ಸಂಜೆ ಅವಳ ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮಗಳನ್ನು ಹತ್ತಿರ ಎಳೆದುಕೊಂಡು, ನನ್ನನ್ನು ನೋಡದೆ ಕೂತರು.

ಈ ಸೋಮವಾರ ಹೊಸ ಟೀಚರು ಬಂದಿರಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡೆ. ಮಣ್ಣಿನ ಮೂರು ಉಂಡೆಗೆ ಆರು ಕಡ್ಡಿ ಚುಚ್ಚಿ ಇದು ಹುಳ ಎಂದೆ. ಆಮೇಲೆ ಮಣ್ಣನ್ನು ಅಂಗೈಯಲ್ಲಿ ಉದ್ದಕ್ಕೆ ಹೊಸೆದು ನೆಲದ ಮೇಲಿಟ್ಟೆ. ಕಾಲು ಹಚ್ಚಲಿಲ್ಲ. "ಆಯಾ, ಇದೇನ?" ಎಂದಿತು ಒಂದು ಮಗು. ಕಣ್ಣು ತಾನಾಗಿ ಮೂಲೆಯ ಕಡೆ ಹೋಯಿತು.

ಹಾವು, ಎಂದೆ.